ಸೋಮವಾರದ ಖಾಲಿ ರಸ್ತೆ

ಕಲಘಟಗಿ ಬಸ್ ಸ್ಟ್ಯಾಂಡಿನ ಬಾಜುವಿಗೆ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಕಾಶಿನಾಥನ ಸಿಟ್ಟು ಊರಿಗೆಲ್ಲ ಗೊತ್ತು. ಬ್ರೇಕ್ ಇಲ್ಲದ ಸೈಕಲ್ ತಂದು, ಬರೀ ಗಾಳಿ ಹೊಡೆದುಕೊಡು ಸಾಕು ಎಂದವನ ಬೆನ್ನಿಗೆ ಪಂಪು ಹಿಡಿದುಕೊಂಡು ಓಡಿದ ಆಸಾಮಿ ಅವನು. ಐವತ್ತೆರಡು ತುಂಬಿದರೂ ಸಿಟ್ಟು ಮೂಗಿನ ತುದಿ ಬಿಟ್ಟು ಇಳಿದಿರಲಿಲ್ಲ. ವಾರದಲ್ಲಿ ಒಂದೇ ದಿನ ಅದಕ್ಕೆ ಬಿಡುವು. ಸೋಮವಾರ ಅಂಗಡಿ ಬಂದ್. ಅವತ್ತು ಹೊತ್ತು ಹುಟ್ಟುವ ಮೊದಲೇ ಎದ್ದು, ತಾನೇ ದಪ್ಪ ಟೈರು ಕೂಡಿಸಿದ ಹಳೇ ಸೈಕಲ್ ಹತ್ತಿ, ಅಳ್ನಾವರದ ಕಡೆಯ ಗುಡ್ಡಕ್ಕೆ ಹೋಗುವ ಗರಸಿನ ರಸ್ತೆ ಹಿಡಿಯುತ್ತಿದ್ದ.

ಡಾಂಬರು ಕಾಣದ ಏಳು ಕಿಲೋಮೀಟರ್. ಎರಡೂ ಕಡೆ ಸಾಗವಾನಿ ಅಡವಿ, ಚಕ್ರದ ಕೆಳಗೆ ಚರಚರ ಅನ್ನುವ ಕೆಂಪು ಗರಸು, ಎದುರಿಗೆ ಒಂದು ಹಾರ್ನ್ ಇಲ್ಲ. ಟ್ರ್ಯಾಕ್ಟರ್ ಹಾಯುವಷ್ಟು ಅಗಲವೂ ಅದಕ್ಕಿರಲಿಲ್ಲ. ಅವನ ಅಕ್ಕ ಸುಶೀಲವ್ವನ ನಾಲ್ಕು ಎಕರೆ ಭತ್ತದ ಗದ್ದೆ ಇರುವುದು ಅದೇ ರಸ್ತೆಯ ಕೊನೆಯಲ್ಲಿ. ಏರು ಹತ್ತಿ ಎದೆ ಬಿರಿಯುವಾಗ ಕಾಶಿನಾಥ ಒಬ್ಬನೇ ನಗುತ್ತಿದ್ದ. ಮೂವತ್ತು ವರ್ಷದಲ್ಲಿ ಒಬ್ಬರಾದರೂ, ಎಲ್ಲಿಗೆ ಹೋಗುತ್ತೀಯೋ, ಯಾಕೆ ಹೋಗುತ್ತೀಯೋ ಎಂದು ಕೇಳಿರಲಿಲ್ಲ.

ಕೇಳಿದವನು ಹುಬ್ಬಳ್ಳಿಯ ವಿಕ್ರಮ. ಪಟ್ಟಣದವರನ್ನು ಸೈಕಲ್ ಸವಾರಿಗೆ ಕರೆದೊಯ್ಯುವ ಕಂಪನಿ ನಡೆಸುತ್ತಿದ್ದ ಅವನು ಪಂಕ್ಚರ್ ಹಾಕಿಸಲು ಬಂದು, "ಕಾಕಾ, ಗಾಡಿ ಓಡಾಡದ ರಸ್ತಾ ಎಲ್ಲೆರೆ ಐತೇನ್ರಿ?" ಅಂದ. ಅಷ್ಟಕ್ಕೇ ಕಾಶಿನಾಥ ಉಬ್ಬಿಹೋದ. ಮೂರು ಸೋಮವಾರ ಅವನನ್ನು ಗುಡ್ಡಕ್ಕೆ ಕರೆದೊಯ್ದ, ಎಲ್ಲಿ ಗೇರ್ ಇಳಿಸಬೇಕು, ಎಲ್ಲಿ ಗರಸು ಜಾರುತ್ತದೆ, ಎಲ್ಲ ತೋರಿಸಿದ. ವಿಕ್ರಮ ಪ್ರತಿ ಸಲವೂ ಎದುರು ಬಂದ ಗಾಡಿಗಳನ್ನು ಮೊಬೈಲಿನಲ್ಲಿ ಬರೆದುಕೊಂಡ. ಮೂರು ಸಲವೂ ಸೊನ್ನೆ. ಆಮೇಲೆ, ರಸ್ತೆಯನ್ನು ಸೈಕಲ್ಲಿಗೆ ಕೇಳಿ ತಾಲೂಕು ಕಚೇರಿಗೆ ಕೊಡಲು ಒಂದು ಕಾಗದ ತಂದ. 'ಮೂವತ್ತು ವರ್ಷಗಳಿಂದ ಈ ರಸ್ತೆಯಲ್ಲಿ ಸೈಕಲ್ ಹೊಡೆಯುತ್ತಿದ್ದೇನೆ. ಒಂದು ಬಂಡಿಯೂ ಎದುರಾಗಿಲ್ಲ' ಎಂದು ಅದರಲ್ಲಿತ್ತು. ಅಕ್ಷರ ಅಕ್ಷರವೂ ಖರೆ. ಕಾಶಿನಾಥ ಠೀವಿಯಿಂದ ಸಹಿ ಹಾಕಿದ.

ದೀಪಾವಳಿ ಮುಗಿಯುವುದರೊಳಗೆ ರಸ್ತೆಗೆ ಹೊಸ ಗರಸು ಬಿತ್ತು, ಸಣ್ಣ ರೋಲರ್ ಓಡಾಡಿ ಬಂಡಿಯ ಜಾಡೆಲ್ಲ ಅಳಿಸಿತು. ಊರ ಕಡೆಯ ತುದಿಗೆ ವಿಕ್ರಮನ ಕಂಪನಿಯ ಕಬ್ಬಿಣದ ಗೇಟು, ಗೇಟಿಗೆ ಕೀಲಿ, ಮೇಲೊಂದು ಬೋರ್ಡು: ಸೈಕಲ್ ಸವಾರರಿಗೆ ಮಾತ್ರ. ಭತ್ತ ತರಲು ಬಂಡಿ ಹೊಡೆದುಕೊಂಡು ಹೋದ ಸುಶೀಲವ್ವ ಆ ಗೇಟಿನ ಮುಂದೆ ನಿಂತಳು. ಕಾವಲುಗಾರ ಬಿಡಲಿಲ್ಲ. ಇನ್ನೊಂದು ಊರು ಸುತ್ತಿ ಹನ್ನೊಂದು ಕಿಲೋಮೀಟರ್ ಹೋಗಿ ಬಂದವಳು ಮನೆಗೆ ಹೋಗದೆ ನೆಟ್ಟಗೆ ತಮ್ಮನ ಅಂಗಡಿಗೆ ಬಂದಳು.

"ಲೇ ಕಾಶ್ಯಾ, ಆ ಕಾಗದಕ್ಕ ಸಹಿ ಮಾಡಿದಾಂವ ನೀನಂತ, ಹೌದನು?"

"ಹೌದಬೇ. ಅದರಾಗ ಸುಳ್ಳೇನೈತಿ? ನನಗ ಒಂದಿನಾನೂ ಬಂಡಿ ಎದುರು ಬಂದಿಲ್ಲ."

"ನೀ ಹೋಗೂದು ಯಾವ ವಾರ?"

"ಸೋಮವಾರ."

ಅಂದ ಮೇಲೆ ನಟ್ಟು ಬಿಗಿಯುತ್ತಿದ್ದ ಅವನ ಕೈಯೊಳಗಿನ ಪಾನಾ ಅಲ್ಲೇ ನಿಂತಿತು.

"ಸೋಮವಾರ ಬಸವಣ್ಣನ ವಾರ. ಎತ್ತು ಯಾಂವ ಹೂಡ್ತಾನಲೇ ಹುಚ್ಚಪ್ಯಾಲಿ?"

ಈ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ಯಾರೂ ನೊಗ ಇಡುವುದಿಲ್ಲ. ಮೈ ತೊಳೆದು, ಮೇವು ಹಾಕಿ, ಕೈ ಮುಗಿದು ಬಿಟ್ಟುಬಿಡುತ್ತಾರೆ. ಹುಟ್ಟಿದಾಗಿನಿಂದ ಕಂಡದ್ದನ್ನು ಮತ್ತೆ ಬಾಯಿಬಿಟ್ಟು ಹೇಳಬೇಕೆಂದು ಕಾಶಿನಾಥನಿಗೆ ಹೊಳೆದೇ ಇರಲಿಲ್ಲ. ಅವನ ತಲೆಯಲ್ಲಿ ಆ ರಸ್ತೆ ಎಂದರೇನೇ ಸೋಮವಾರ. ಉಳಿದ ಆರು ದಿನ ಅಲ್ಲಿ ಯಾರ ಬಂಡಿ ಓಡುತ್ತದೆಂದು ಅಂಗಡಿಯಲ್ಲಿ ಕೂತವನಿಗೆ ನೆನಪಾಗಬೇಕಿತ್ತು, ಆಗಲಿಲ್ಲ.

ಮರುದಿನವೇ ಹುಬ್ಬಳ್ಳಿಗೆ ಹೋಗಿ ವಿಕ್ರಮನಿಗೆ ಎಲ್ಲ ಬಿಡಿಸಿ ಹೇಳಿದ. ವಿಕ್ರಮ ಚಹಾ ತರಿಸಿದ. "ಬರೇ ಸೋಮವಾರ ಅಷ್ಟೇನ್ರಿ ಕಾಕಾ?" ಎಂದು ಎರಡು ಸಲ ಕೇಳಿಕೊಂಡ. "ತಾಲೂಕಿನಿಂದ ಮೇಡಂ ನೋಡಾಕ ಬರಾವ್ರದಾರ. ಅವರ ಮುಂದ ಒಂದ ಬಂಡಿ ಬಂದ್ರೂ ಗೇಟ್ ತಗಸ್ತೀನಿ, ನನ್ನ ಮಾತು." ಕಾಶಿನಾಥ ನಂಬಿದ. ಪರಿಶೀಲನೆಯ ನೋಟಿಸು ಬಂತು. ಅದರಲ್ಲಿ ಗೊತ್ತು ಮಾಡಿದ ದಿನ ಸೋಮವಾರ.

ಕಾಶಿನಾಥ ಬಾಯಾರೆ ಹೇಳಿಕೊಟ್ಟದ್ದನ್ನು ಆ ಹಲ್ಕಟ್ ಅವನ ಕುತ್ತಿಗೆಗೇ ತಂದಿದ್ದ. ಫೋನ್ ಹಚ್ಚಿದರೆ, "ಮೇಡಮ್ಮಾರಿಗೆ ಅವತ್ತ ಟೈಮ್ ಐತಂತ್ರಿ" ಎಂದು ಇಟ್ಟುಬಿಟ್ಟ. ತಾಲೂಕು ಕಚೇರಿಯಲ್ಲಿ, ಗೊತ್ತಾದ ದಿನ ಬದಲಾಗುವುದಿಲ್ಲ ಎಂದರು. ಕೊನೆಗೆ ಅಕ್ಕನ ಹಟ್ಟಿಗೆ ಹೋಗಿ ಕಾಲು ಹಿಡಿಯುವುದೊಂದು ಬಾಕಿ.

"ಒಂದ ಸೋಮವಾರ ಹೂಡಬೇ. ಒಂದ ತಾಸು."

ಸುಶೀಲವ್ವ ಎತ್ತಿನ ಮೈ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಗದ್ದಿ ಬೀಳ ಬಿದ್ರೂ ಹೂಡೂದಿಲ್ಲ. ತಪ್ಪ ಮಾಡಿದಾಂವ ನೀ. ಇವು ಏನ ಮಾಡ್ಯಾವ?"

ಆ ಮಾತು ಅವನಿಗೆ ಎರಡು ರಾತ್ರಿ ನಿದ್ದೆ ಕೊಡಲಿಲ್ಲ.

ಸೋಮವಾರ ಗೇಟು ಹಾರು ಹೊಡೆದು ಪೂರ್ತಿ ತೆರೆದಿತ್ತು. ತಾಲೂಕಿನ ಅಧಿಕಾರಿ ಗೌತಮಿ ಮೇಡಂ ಪೆನ್ನು ಹಿಡಿದು ನಿಂತಿದ್ದರು. ಹಿಂದೆ ವಿಕ್ರಮನ ಹನ್ನೆರಡು ಜನ ಸವಾರರು ಬಣ್ಣಬಣ್ಣದ ಅಂಗಿ ತೊಟ್ಟು ಸಾಲುಗಟ್ಟಿದ್ದರು. ಎರಡು ತಾಸಾದರೂ ಒಂದು ನರಪಿಳ್ಳೆ ಹಾಯಲಿಲ್ಲ. "ನೋಡಿದ್ರಲ್ರಿ ಮೇಡಂ, ಅಗದಿ ಖಾಲಿ" ಎಂದು ವಿಕ್ರಮ ಕೈ ಚಾಚಿದ. ಆಗ ಊರ ಕಡೆಯಿಂದ ಗಾಲಿಯ ಸಪ್ಪಳ ಕೇಳಿತು.

ಖಾಲಿ ಬಂಡಿ ಬರುತ್ತಿತ್ತು. ಎತ್ತುಗಳಿಲ್ಲ. ನೊಗವನ್ನು ಎದೆಗೆ ಕೊಟ್ಟು ಕಾಶಿನಾಥ ಎಳೆಯುತ್ತಿದ್ದ. ಅಂಗಿ ಬೆವರಿಗೆ ಅಂಟಿ, ಕುತ್ತಿಗೆಯ ನರ ಉಬ್ಬಿ, ಹೊಸ ಗರಸಿನಲ್ಲಿ ಕಾಲು ಜಾರಿ ಮೊಣಕಾಲು ಒಡೆದಿತ್ತು. ಹಿಂದೆ ಸುಶೀಲವ್ವ ಅವನ ಏಳು ತಲೆಮಾರನ್ನು ಬೈಯುತ್ತ ನೂಕುತ್ತಿದ್ದಳು. ಸವಾರರು ಸೈಕಲ್ ಎತ್ತಿಕೊಂಡು ಬಾಜುವಿಗೆ ಸರಿದರು.

"ಇದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ ಮೇಡಂ, ನಾಟಕ ಇದು. ಎತ್ತ ಇಲ್ಲ" ಅಂದ ವಿಕ್ರಮ.

ಗೌತಮಿ ಮೇಡಂ ಅವನ ಕಡೆ ನೋಡಲಿಲ್ಲ. "ಎತ್ತು ಎಲ್ಲಿ ಅದಾವ್ರಿ?" ಎಂದು ಕಾಶಿನಾಥನನ್ನೇ ಕೇಳಿದರು.

ಅವನು ನೊಗ ಇಳಿಸದೆ ಉಸಿರು ಎಳೆದುಕೊಂಡ. "ಇವತ್ತ ಸೋಮವಾರ ಐತ್ರಿ. ಎತ್ತಿಗೆ ರಜಾ. ಈ ರಸ್ತಾದಾಗ ಬಂಡೀನ ಇಲ್ಲಂತ ಸಹಿ ಮಾಡಿದ ಕತ್ತೆಗೆ ರಜಾ ಇಲ್ರಿ."

ಮೇಡಂ ವಿಕ್ರಮನಿಗೆ, "ಸೋಮವಾರಾನ ಬೇಕಂತ ಕೇಳಿದಾವ್ರು ನೀವಲ್ಲೇನ್ರಿ?" ಎಂದರು. ಉತ್ತರಕ್ಕೆ ಕಾಯದೆ, ಬಂಡಿ ಒಂದು, ಎಂದು ಬರೆದರು. ಆಮೇಲೆ ಕಾವಲುಗಾರನ ಕಡೆ ಕೈ ನೀಡಿ ಗೇಟಿನ ಕೀಲಿ ಇಸಿದುಕೊಂಡರು.

ಕಾಶಿನಾಥ ವಿಕ್ರಮನಿಗೆ ಹೇಳಬೇಕೆಂದು ಏಳು ದಿನದಿಂದ ಕೂಡಿಟ್ಟ ಬೈಗುಳಗಳಿಗೆ ಬಾಯಿ ತೆರೆದ. ಹಿಂದಿನಿಂದ ಬಂಡಿ ಅವನ ಬೆನ್ನಿಗೆ ಗುದ್ದಿತು.

"ಬಾಯಿ ಮುಚ್ಚಿ ಎಳೀಲೇ" ಅಂದಳು ಸುಶೀಲವ್ವ. "ಇನ್ನೂ ಏಳು ಕಿಲೋಮೀಟರ್ ಐತಿ, ಹುಲ್ಲ ತರಬೇಕು."