ಸಿಗಡಿ ಚಿಪ್ಪಿನ ಮಾತ್ರೆ

ನನ್ನ ಅಮ್ಮ ತೊಂಬತ್ತರ ದಶಕದ ಕೊನೆಗೆ ಕಾರ್ಕಳದ ಕಡೆಯ ಕಾಲೇಜೊಂದರಲ್ಲಿ ಪಾಠ ಹೇಳಿ, ಆಮೇಲೆ ಮಣಿಪಾಲಕ್ಕೆ ಬಂದು ಬಯೋಟೆಕ್ನಾಲಜಿ ಪ್ರೊಫೆಸರ್ ಆದವಳು. ಇನ್ಸುಲಿನ್ನನ್ನು ಸೂಜಿಯಿಲ್ಲದೆ, ಮಾತ್ರೆಯಾಗಿ ನುಂಗಿಸಬೇಕೆಂಬುದು ಅವಳ ಸಂಶೋಧನೆ. ಹೊಟ್ಟೆಯ ಆಮ್ಲ ಇನ್ಸುಲಿನ್ನನ್ನು ಕೆಡಿಸಿಬಿಡುತ್ತದೆ. ಅದಕ್ಕೊಂದು ರೇನ್‌ಕೋಟು ಬೇಕು. ಆ ರೇನ್‌ಕೋಟನ್ನು ಅವಳು ಸಿಗಡಿ ಚಿಪ್ಪಿನಿಂದ ತಯಾರಿಸುತ್ತಿದ್ದಳು.

ಚಿಪ್ಪು ಕೊಡುತ್ತಿದ್ದವಳು ಕಾಪುವಿನಲ್ಲಿ ಮೀನು ಮಾರುತ್ತಿದ್ದ ನನ್ನ ಅಜ್ಜಿ, ಅಮ್ಮನ ಅಮ್ಮ. ಹೊತ್ತು ತರುತ್ತಿದ್ದವಳು ಒಂಬತ್ತನೇ ಕ್ಲಾಸಿನ ನಾನು. ಆ ಚೀಲ ಹಿಡಿದು ಬಸ್ಸು ಹತ್ತಿದರೆ ಉಡುಪಿ ತಲುಪುವುದರೊಳಗೆ ನನ್ನ ಸುತ್ತ ಎಂಟು ಸೀಟು ಖಾಲಿ. ಕಂಡಕ್ಟರ್ ಟಿಕೆಟನ್ನು ಕೊಡೆಯ ತುದಿಗೆ ಸಿಕ್ಕಿಸಿ ಕೊಟ್ಟನೆಂದು ಕ್ಲಾಸಿನಲ್ಲಿ ಹೇಳಿದ್ದೆ. ನಂಬಿದರು. ನನ್ನ ಮಾತನ್ನು ಎಲ್ಲರೂ ನಂಬುತ್ತಿದ್ದರು, ತೊಂದರೆ ಅದೇ.

ಅಜ್ಜಿಗೂ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ತಾನೇ ಚುಚ್ಚಿಕೊಳ್ಳಬೇಕು. ಒಂದು ಭಾನುವಾರ, ಮಾತ್ರೆ ಎಲ್ಲಿಗೆ ಬಂತು ಎಂದು ನನ್ನಲ್ಲಿ ವಿಚಾರಿಸಿದಳು. ಲ್ಯಾಬಿನ ಇಲಿಗಳಲ್ಲಿ ಸಕ್ಕರೆ ಕೆಲವು ಗಂಟೆ ಇಳಿದು ಮತ್ತೆ ಏರುತ್ತಿತ್ತು, ಕೆಲವು ಸತ್ತೂ ಹೋಗಿದ್ದವು. ಅಮ್ಮ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಹೇಳಿದ್ದು ಅಷ್ಟೇ. ಬರೀ ಅಷ್ಟು ಹೇಳಲು ನನಗೆ ನಾಚಿಕೆಯಾಯಿತು. ಇಲಿಗಳು ಗುಣವಾಗಿ ಪಂಜರದಲ್ಲಿ ಕಬಡ್ಡಿ ಆಡುತ್ತಿವೆ ಎಂದೆ. ದೀಪಾವಳಿಯೊಳಗೆ ಮನುಷ್ಯರಿಗೂ ಕೊಡುತ್ತಾರೆ ಎಂದೆ. ಅಜ್ಜಿ ನಗುತ್ತಿದ್ದಳು, ಹಾಗಾಗಿ ಇನ್ನೊಂದು ಸೇರಿಸಿದೆ: ಸೂಜಿ ಬಿಟ್ಟ ಇಲಿಗಳಿಗೇ ಮಾತ್ರೆ ಚೆನ್ನಾಗಿ ಹಿಡಿಯುವುದು.

"ಮೊದಲು ಯಾರಿಗೆ ಕೊಡುವುದಂತೆ ಮಗಾ?"

"ಚಿಪ್ಪು ಕೊಟ್ಟವರಿಗೆ. ಮತ್ತೆ ಎಂತ?"

ಅಂದಿನಿಂದ ಅಜ್ಜಿ ಸೂಜಿ ಬಿಟ್ಟಳು. ಅಮ್ಮ ಬಂದಾಗ ಬಾಟಲಿ ನೋಡುತ್ತಾಳೆಂದು, ದಿನವೂ ಸರಿಯಾಗಿ ಸಿರಿಂಜಿಗೆ ಎಳೆದು ಹಿತ್ತಲ ಕರಿಬೇವಿನ ಬುಡಕ್ಕೆ ಚುಚ್ಚಿದಳು. ಇಡೀ ಕಾಪುವಿನಲ್ಲಿ ಸಕ್ಕರೆ ಹತೋಟಿಯಲ್ಲಿದ್ದದ್ದು ಆ ಗಿಡಕ್ಕೆ ಮಾತ್ರ. ಮಳೆಗಾಲ ಮುಗಿಯುವಾಗ ಅವಳ ಪಾದಕ್ಕೆ ಮೀನಿನ ಮುಳ್ಳು ಹೊಕ್ಕಿತು. ನೋವೇ ಗೊತ್ತಾಗಲಿಲ್ಲ. ಗಾಯ ಕೊಳೆತು ವಾಸನೆ ಬಂದಾಗಲೂ ಮನೆಗೆ ಬಂದವರು ಅದು ಮೀನಿನದೆಂದೇ ಅಂದುಕೊಂಡರು. ಅಮ್ಮ ಮಾತ್ರ ಬಾಗಿಲಲ್ಲೇ ನಿಂತುಬಿಟ್ಟಳು.

ಆಸ್ಪತ್ರೆಯಲ್ಲಿ ಡಾಕ್ಟರು ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆಯಬೇಕು ಎಂದರು. ಮಾತ್ರೆ ಬರುತ್ತದಲ್ಲ ಎಂದು ಸೂಜಿ ಬಿಟ್ಟದ್ದನ್ನು, ಕರಿಬೇವಿನ ಸಂಗತಿಯನ್ನು ಅಜ್ಜಿ ಅಷ್ಟರಲ್ಲಿ ಒಪ್ಪಿಕೊಂಡಿದ್ದಳು. ಡಯಾಬಿಟೀಸ್ ಬಗ್ಗೆ ಊರೂರಲ್ಲಿ ಭಾಷಣ ಮಾಡಿದ ಅಮ್ಮ ಹಾಸಿಗೆಯ ತುದಿಯಲ್ಲಿ ಕೂತು, ಮೆಲ್ಲಗೆ ಕೇಳಿದಳು.

"ಮಾತ್ರೆ ತಯಾರಾಗಿ ಉಂಟು ಅಂತ ನಿನಗೆ ಹೇಳಿದ್ದು ಯಾರು, ಅಮ್ಮಾ?"

ಅಜ್ಜಿ ನನ್ನನ್ನು ನೋಡಿದಳು, ಆಮೇಲೆ ಫ್ಯಾನನ್ನು ನೋಡಿದಳು.

"ಪೇಪರಿನಲ್ಲಿ ಓದಿದೆ."

ಅಜ್ಜಿ ಒಂದು ದಿನವೂ ಶಾಲೆಗೆ ಹೋದವಳಲ್ಲ. ಅಮ್ಮ ನನ್ನ ಕಡೆ ತಿರುಗಲಿಲ್ಲ. ನರ್ಸ್ ಒಪ್ಪಿಗೆ ಪತ್ರ ತಂದಾಗ ಅಜ್ಜಿಯ ಹೆಬ್ಬೆಟ್ಟಿಗೆ ತಾನೇ ಶಾಯಿ ಹಚ್ಚಿ, ಎಲ್ಲಿ ಒತ್ತಬೇಕೆಂದು ತೋರಿಸಿದಳು.