ಮಜ್ಜಿಗೆ ಒಗ್ಗದ ನಾಯಿ

ಹೊಸ ಪೈಸೆ ಬಂದ ವರ್ಷದ ಮಾತು. ಬಾಗೂರಿನ ನಮ್ಮ ಮನೆಯ ಜಗುಲಿ ಮೇಲೆ ಮಾವ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತಿದ್ದರು. ಅಂಗಳದಲ್ಲಿ ಗಾಡಿಯವನು ಚನ್ನರಾಯಪಟ್ಟಣಕ್ಕೆ ಹೋಗಬೇಕಾದ ತೆಂಗಿನಕಾಯಿ ತುಂಬುತ್ತಿದ್ದ. ಅತ್ತೆ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ಮದುವೆಯಾಗಿ ವರ್ಷ ಕಳೆದಿದ್ದ ಸೊಸೆ ನಾನು, ಕೊಟ್ಟಿಗೆಯ ಕಸ ಬಾಚುತ್ತಿದ್ದೆ. ಇಷ್ಟು ಜನರ ನಡುವೆ ನನ್ನ ನಾಯಿ ಕೂತು ಕೆರೆದುಕೊಳ್ಳುತ್ತಿತ್ತು. ಕಿವಿ ಆಯಿತು, ಹೊಟ್ಟೆ ಆಯಿತು, ಆಮೇಲೆ ಎದ್ದು ಹೋಗಿ ಗಾಡಿಯ ಚಕ್ರಕ್ಕೆ ಬೆನ್ನು ಉಜ್ಜತೊಡಗಿತು.

“ಈ ಕಜ್ಜಿ ನಾಯಿ ನನ್ನ ಎತ್ತಿಗೂ ಅಂಟಿಸ್ಬುಡ್ತದೆ ಕಣವ್ವ,” ಅಂದ ಗಾಡಿಯವನು.

“ನಂಗೂ ಅದೇ ಯೋಚ್ನೆ ಕಣಪ್ಪ,” ಅಂದರು ಅತ್ತೆ. “ಮಗಳು ಬಾಣಂತನಕ್ಕೆ ಬತ್ತಾಳೆ. ಅಸುಗೂಸಿರೋ ಮನೇಲಿ ಇದನ್ನ ಎಂಗಿಟ್ಕೊಳ್ಳನ? ಮುಂದ್ಲ ಸಲ ಕಾಯಿ ತುಂಬಕ್ಕೆ ಬತ್ತೀಯಲ್ಲ, ಆವಾಗ ಎತ್ತಾಕ್ಕೊಂಡೋಗಿ ಹಾಸನದ ಕಡೆ ಬುಟ್ಬುಡು.”

ನನ್ನ ಕೈಯಲ್ಲಿದ್ದ ಕಸದ ಬುಟ್ಟಿ ಅಲ್ಲೇ ನಿಂತಿತು.

ಆ ನಾಯಿ ನನ್ನ ತವರಿನದು. ಹೊಳೆನರಸೀಪುರದ ಹತ್ತಿರದ ನಮ್ಮ ಹಳ್ಳಿಯಿಂದ ನಾನು ಮದುವಣಗಿತ್ತಿಯಾಗಿ ಗಾಡಿ ಹತ್ತಿದ ದಿನ, ಯಾರೂ ಕರೆಯದಿದ್ದರೂ ಹಿಂದೆ ಓಡಿ ಬಂತು. ಗದರಿದರು, ಕಲ್ಲು ತೋರಿಸಿದರು. ಒಂದಿಷ್ಟು ಹಿಂದೆ ಸರಿಯೋದು, ಗಾಡಿ ಹೊರಟ ಕೂಡಲೇ ಮತ್ತೆ ಬರೋದು. ಬಾಗೂರು ಸೇರುವ ಹೊತ್ತಿಗೆ ಅದರ ನಾಲಿಗೆ ನೆಲ ಮುಟ್ಟುವಂತಿತ್ತು. ಹೊಸ ಮನೆಯಲ್ಲಿ ನನ್ನ ಕಡೆಯವರು ಅಂತ ಇದ್ದದ್ದು ಅದೊಂದೇ.

ಅತ್ತೆಯೇನು ಕೆಟ್ಟವರಲ್ಲ, ದೊಡ್ಡ ಕೈ. ಅವರ ಎಮ್ಮೆ ಮಜ್ಜಿಗೆಯ ರುಚಿ ಊರಿಗೇ ಗೊತ್ತು. ದಾರಿಯಲ್ಲಿ ಹೋಗುವವರನ್ನೂ ಕರೆದು ಒಂದು ಚೊಂಬು ಕೊಡೋರು. ನಾಯಿಗೂ ಹಾಗೇ, ರಾಗಿ ಮುದ್ದೆ ಮುರಿದು ಹಾಕಿ ಮೇಲೆ ಮಜ್ಜಿಗೆ ಸುರಿಯೋರು. ಬರೀ ಮುದ್ದೆ ಹಾಕಿದರೆ ಮನೆಯ ಮರ್ಯಾದೆ ಏನಾಗಬೇಕು? ಅದು ಮೈ ಕೆರೆಯಲು ಶುರುಮಾಡಿದಾಗ, ಉಷ್ಣ ಆಗಿದೆ, ತಂಪಾಗಲಿ ಅಂತ ಇನ್ನೊಂದು ಸೌಟು ಹೆಚ್ಚು ಸುರಿದರು. ಕೂದಲು ಉದುರಿದಷ್ಟೂ ಮಜ್ಜಿಗೆ ಹೆಚ್ಚಿತು.

ನಡುವೆ ಎಮ್ಮೆ ಗಬ್ಬವಾಗಿ ಹಾಲು ಬತ್ತಿತು. ಆಗ ಎತ್ತುಗಳಿಗೆಂದು ಬೇಯಿಸಿದ ಹುರುಳಿಯ ಕಟ್ಟೇ ನಮಗೆ ಸಾರು. ಉಪ್ಪು ಖಾರ ಹಾಕುವ ಮೊದಲು ಅದರಲ್ಲೇ ಒಂದು ಸೌಟು ನಾಯಿಯ ಮುದ್ದೆಗೆ. ನಾಯಿಗೆ ಮೈತುಂಬ ಕೂದಲು ಬಂತು. ಅದು ತಾವು ಹಚ್ಚುತ್ತಿದ್ದ ಬೇವು ಅರಿಸಿನದ ಗುಣ ಅಂದುಕೊಂಡರು ಅತ್ತೆ. ನಾನೂ ಹಾಗೇ ಅಂದುಕೊಂಡೆ. ಆಮೇಲೆ ಎಮ್ಮೆ ಕರು ಹಾಕಿತು. ಮನೆಮಂದಿಯೆಲ್ಲ ಗಿಣ್ಣು ತಿಂದೆವು, ನಾಯಿಗೂ ಒಂದು ತುಂಡು ಬಿತ್ತು. ಸಂಜೆಯೊಳಗೆ ಕೆರೆತ ಶುರು. ಗಿಣ್ಣಿನ ಹಾಲು ಮುಗಿದ ಮೇಲೆ ಮತ್ತೆ ಮಜ್ಜಿಗೆ. ಬೇವು ಅರಿಸಿನ ಹಚ್ಚುವುದು ನಿಂತಿರಲಿಲ್ಲ, ಆದರೂ ಕೂದಲು ಹೋಯಿತು.

ಬುಟ್ಟಿ ಹಿಡಿದು ನಿಂತವಳಿಗೆ ಇದೆಲ್ಲ ಒಂದರ ಹಿಂದೆ ಒಂದು ಹೊಳೆಯಿತು. ತವರಿನಲ್ಲಿ ನಮಗೆ ಹಾಲು ಕರೆಯುವ ದನವೇ ಇರಲಿಲ್ಲ, ಅಲ್ಲಿ ಈ ನಾಯಿ ಮೈ ಕೆರೆದದ್ದನ್ನು ನಾನು ಕಂಡವಳಲ್ಲ. ಗೊತ್ತೇನೋ ಆಯಿತು, ಹೇಳುವುದು ಹೇಗೆ? ಅತ್ತೆಯ ಮಜ್ಜಿಗೆಗೆ ಹೆಸರಿಟ್ಟು ಆ ಮನೆಯಲ್ಲಿ ಬಾಳಿದವರಿಲ್ಲ.

“ಅತ್ತೆಮ್ಮ, ಗಾಡಿ ಬರೋಗಂಟ ಇದಕ್ಕೆ ಮಜ್ಜಿಗೆ ನಿಲ್ಸಿ ನೋಡನ,” ಅಂದೆ.

“ಯಾಕೆ? ನಮ್ಮಟ್ಟಿ ಮಜ್ಜಿಗೇಲಿ ವಿಷ ಐತಾ?”

“ವಿಷ ಅಲ್ಲ. ಮಾವನಿಗೆ ಬದನೆಕಾಯಿ ನಂಜು, ತಿಂದ್ರೆ ಮೈಯೆಲ್ಲ ಗಂದೆ ಏಳ್ತದೆ ಅಂತ ನೀವು ಬೇರೆ ಸಾರು ಮಾಡಲ್ವಾ? ಇದಕ್ಕೂ ಅಂಗೇ ಮಜ್ಜಿಗೆ ನಂಜೇನೋ.”

“ಚೆನ್ನಾಗೈತೆ ಕಣಮ್ಮಿ. ನಿನ್ನ ನಾಯೀನೂ ನಮ್ಮ ಯಜಮಾನ್ರನ್ನೂ ಒಂದೇ ಪಂಕ್ತೀಲಿ ಕೂರಿಸ್ಬುಟ್ಟಲ್ಲ.”

ಜಗುಲಿ ಮೇಲಿದ್ದ ಮಾವನಿಗೆ ಎಲೆಯಡಿಕೆ ನೆತ್ತಿಗೇರಿತು. ಕೆಮ್ಮಿ, ಉಗಿದು, ಕಣ್ಣೊರೆಸಿಕೊಂಡು, “ಅವಳೇಳೋದು ಸರಿಯಾಗೈತೆ ಕಣೆ. ಬದನೆಕಾಯಿ ತಿಂದ ದಿನ ನಂಗೂ ಯಾವ್ದಾದ್ರೂ ಗಾಡಿ ಚಕ್ರ ಸಿಕ್ಕಿದ್ರೆ ಉಜ್ಕೊಂಬುಡನ ಅನ್ನಿಸ್ತದೆ,” ಅಂದರು. ಗಾಡಿಯವನು ತಲೆ ಬಗ್ಗಿಸಿಕೊಂಡು ಕಾಯಿ ಜೋಡಿಸಿದ. ಅವನ ಬೆನ್ನು ಅಲುಗುತ್ತಿತ್ತು.

“ಆಗ್ಲಿ,” ಅಂದರು ಅತ್ತೆ. “ಗಾಡಿ ಬರೋಗಂಟ. ಕೂದ್ಲು ಬರ್ನಿಲ್ಲ ಅಂದ್ರೆ ನೀನೇ ಎತ್ತಿ ಗಾಡಿಗಾಕ್ಬೇಕು.”

ಖರ್ಚಿನ ಮಾತೇ ಇರಲಿಲ್ಲ. ಮುದ್ದೆ ಹೇಗಿದ್ದರೂ ಮನೆಯದು, ಹುರುಳಿ ಎತ್ತಿನ ಪಾಲಿನದು. ಕಷ್ಟ ಇದ್ದದ್ದು ಕಾಯುವುದರಲ್ಲಿ. ಮಜ್ಜಿಗೆ ಕಡೆಯುವ ಸದ್ದು ಕೇಳಿದರೆ ನಾಯಿ ಎಲ್ಲಿದ್ದರೂ ಬಂದು ಮಡಕೆ ಮುಂದೆ ಕೂರೋದು. ಆ ಹೊತ್ತಿಗೆ ಅದನ್ನು ಕೊಟ್ಟಿಗೆಯಲ್ಲಿ ಕಟ್ಟುತ್ತಿದ್ದೆ, ಅದು ನನ್ನನ್ನು ಬೈಯುವಂತೆ ಊಳಿಡೋದು. ಬೀದಿಯವರೂ ಹಾಕಿಬಿಡಬಾರದಲ್ಲ, ಒಂದೊಂದು ಮನೆಗೂ ಹೋಗಿ ಹೇಳಿ ಬಂದೆ. ಪಕ್ಕದ ಮನೆಯ ಅಜ್ಜಿ, “ನಾಯಿಗೆ ಪಥ್ಯ ಮಾಡ್ಸೋ ಸೊಸೆ ಬಂದವ್ಳೆ, ನೋಡ್ಕಳ್ರಮ್ಮ. ಗಂಡಂಗೆ ಏನ್ ಪಥ್ಯವೋ,” ಅಂತ ಬಾವಿಕಟ್ಟೆಯ ಹತ್ತಿರ ಎಲ್ಲರಿಗೂ ಕೇಳುವಂತೆ ಹೇಳಿದಳು.

ಮೊದಲು ಕೆರೆತ ಕಡಿಮೆಯಾಯಿತು. ಆಮೇಲೆ ಹೊಟ್ಟೆಯ ಕೆಂಪು ಇಳಿಯಿತು. ಯಾರೂ ಇಲ್ಲ ಅಂದುಕೊಂಡು ಅತ್ತೆ ಒಂದು ಮಧ್ಯಾಹ್ನ ಕುಕ್ಕರಗಾಲಲ್ಲಿ ಕೂತು, ನಾಯಿಯ ಬೆನ್ನಿನ ಕೂದಲು ಬಿಡಿಸಿ ಬಿಡಿಸಿ ನೋಡುತ್ತಿದ್ದರು. ನಾನು ಸದ್ದಿಲ್ಲದೆ ಹಿಂದಕ್ಕೆ ಬಂದೆ. ಇನ್ನೊಂದು ದಿನ ನಾನು ನಾಯಿ ಕಟ್ಟುವುದನ್ನು ಮರೆತೆ. ಅದು ನೇರವಾಗಿ ಮಜ್ಜಿಗೆಯ ಹತ್ತಿರ ಹೋಯಿತು. ನಾನು ಓಡಿ ಬರುವಷ್ಟರಲ್ಲಿ ಅತ್ತೆ ಮಡಕೆಯನ್ನು ಸೆರಗಿನ ಹಿಂದೆ ಎಳೆದುಕೊಂಡು, “ಓಗಪ್ಪ, ನಿಂಗಾಗಕ್ಕಿಲ್ಲ ಇದು,” ಅನ್ನುತ್ತಿದ್ದರು.

ಗಾಡಿ ಬಂತು. ನಾಯಿ ಅಂಗಳದ ನಡುವೆ ನಿಂತು ಬೊಗಳಿತು. ಬಿಸಿಲಿಗೆ ಅದರ ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು.

“ಇದ್ಯಾವ್ದವ್ವ ಹೊಸ ನಾಯಿ? ಆ ಕಜ್ಜಿ ನಾಯಿ ಎಲ್ಲಿ?”

“ಅದೇ ಕಣಯ್ಯ ಇದು,” ಅಂದರು ಅತ್ತೆ. “ಕಜ್ಜೀನೂ ಇಲ್ಲ ಗಿಜ್ಜೀನೂ ಇಲ್ಲ. ಅದಕ್ಕೆ ಮಜ್ಜಿಗೆ ನಂಜು. ನಮ್ಮ ಯಜಮಾನ್ರಿಗೆ ಬದನೆಕಾಯಿ ಆಗಲ್ವಲ್ಲ, ಅಂಗೆ.” ನನ್ನ ಮಾತನ್ನೇ ನನ್ನ ಮುಂದೆ ಅವನಿಗೆ ಕಲಿಸಿದರು. ಆಮೇಲೆ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟು, “ಕುಡಿ, ನಿಂಗೇನಾಗಕ್ಕಿಲ್ಲ,” ಅಂದರು. ಆವತ್ತು ಕೊಟ್ಟಿಗೆ ಗುಡಿಸುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ನಾದಿನಿಯ ಬಾಣಂತನ ಮುಗಿಯುವವರೆಗೂ ನಾಯಿ ತೊಟ್ಟಿಲಿದ್ದ ಕೋಣೆಯ ಹೊಸಿಲಲ್ಲೇ ಮಲಗಿತು. ಮಗಳನ್ನೂ ಕೂಸನ್ನೂ ಅರಕಲಗೂಡಿನ ಗಂಡನ ಮನೆಗೆ ಬಿಟ್ಟುಬರಲು ಅತ್ತೆ ಗಾಡಿ ಹತ್ತಿದ ದಿನ ಅದು ಹಿಂದೆ ಓಡಿತು, ಅದನ್ನು ಹಿಡಿಯಲು ನಾನೂ ಓಡಿದೆ. ಊರಾಚೆ ಗಾಡಿ ನಿಂತಿತು. ಅತ್ತೆ ನಾಯಿಯನ್ನು ಹತ್ತಿಸಿಕೊಂಡು, ನನ್ನನ್ನು ಮನೆಗೆ ಓಡಿಸಿ ಅದಕ್ಕೆಂದು ಒಂದು ಗಂಟು ಹುರುಳಿ ತರಿಸಿಕೊಂಡರು. ವಾರ ಕಳೆದ ಮೇಲೆ ಇಬ್ಬರೂ ವಾಪಸ್ಸು ಬಂದರು.