ಅಕ್ಕೋರ ಬ್ಯಾಟರಿ ಗಾಡಿ

ನಮ್ಮ ಪಕ್ಕದ ಮನೆಯ ಅಕ್ಕೋರು ಅಂಕೋಲೆ ಪೇಟೆ ದಾಟಿ, ಬಾಳೆಗುಳಿಯಾಚೆಯ ಶಾಲೆಯಲ್ಲಿ ಟೀಚರಾಗಿದ್ದರು. ಗಂಡ ತೀರಿದ ಮೇಲೆ ಭಾವನ ಮನೆಯಲ್ಲಿದ್ದು, ಅವರ ಬೈಕಿನ ಹಿಂದೆ ಕೂತೇ ಶಾಲೆಗೆ ಹೋಗಬೇಕಿತ್ತು. ಭಾವ ತಡಮಾಡಿದ ದಿನ ಹೆಡ್‌ಮಾಸ್ತರರಿಂದ ಬೈಗುಳ. ಕೊನೆಗೆ ಕಾರವಾರದಿಂದ ಬ್ಯಾಟರಿ ಸ್ಕೂಟರ್ ತಂದರು. ಅದಕ್ಕೆ ಲೈಸೆನ್ಸ್ ಬೇಡ, ಪೆಟ್ರೋಲ್ ಬೇಡ, ಸದ್ದೂ ಇಲ್ಲ.

"ಯಾರ್ನೂ ಕೇಳೂದು ಬೇಡ್ವೋ" ಎನ್ನುವುದು ಅವರ ಮಾತು. ಏರು ಬಂದರೆ ಇಳಿದು, ಎಕ್ಸಲರೇಟರ್ ಹಿಡಿದುಕೊಂಡೇ, ಕರುವನ್ನು ನಡೆಸುವಂತೆ ಗಾಡಿಯ ಪಕ್ಕ ನಡೆಯುವರು. ಮಳೆಗಾಲದಲ್ಲಿ ಕರೆಂಟು ಹೋದರೆ ಬೇಲಿಯಾಚೆಯಿಂದ, "ನಿಮ್ಮಲ್ಲಾದ್ರೂ ಇದ್ಯೇನೋ?" ಎಂದು ಕೂಗುವರು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಕೊನೆಯ ಪರೀಕ್ಷೆಗೆ ಹೋದದ್ದು ಆ ಗಾಡಿಯ ಹಿಂದೆ ಕೂತು.

ಎರಡನೇ ಮಳೆಗಾಲ ಮುಗಿಯುವಾಗ, ಇಡೀ ರಾತ್ರಿ ಚಾರ್ಜಿಗಿಟ್ಟರೂ ಗಾಡಿ ಅಂಕೋಲೆ ಪೇಟೆ ದಾಟಲಿಲ್ಲ. ಹೊಸ ಬ್ಯಾಟರಿಗೆಂದು ಇಬ್ಬರೂ ಬಸ್ಸಿನಲ್ಲಿ ಕಾರವಾರಕ್ಕೆ ಹೋದೆವು. ಗಾಡಿ ಮಾರಿದ ಅಂಗಡಿಯ ಶಟರ್ ಎಳೆದಿತ್ತು.

"ಅವ ಅಂಗಡಿ ಮುಚ್ಕಂಡು ಹೋದ, ಅಮ್ಮಾ. ಆ ಬ್ಯಾಟ್ರಿ ಇಲ್ಲೆಲ್ಲೂ ಸಿಗೂದಿಲ್ಲ" ಎಂದ ಪಕ್ಕದ ಸೈಕಲ್ ಅಂಗಡಿಯವ.

ನಾವು ಅವರ ಮನೆ ಮುಟ್ಟುವಾಗ ಭಾವ ಜಗಲಿಯಲ್ಲೇ ಕೂತಿದ್ದರು.

"ಇಳೀತೇ ನಿನ್ನ ವಿಮಾನ? ನಾಳಿಂದ ನಾ ಹೊರಡೂ ಹೊತ್ತಿಗೆ ತಯಾರಿರು. ಕಾಯೂಕೆ ನನ್ನಿಂದಾಗೂದಿಲ್ಲ."

ಒಂದೇ ಗದರಿಕೆಗೆ ಇಡೀ ತರಗತಿಯನ್ನು ಸುಮ್ಮನಾಗಿಸುತ್ತಿದ್ದ ಅಕ್ಕೋರು, ಚಪ್ಪಲಿ ಬಿಡುತ್ತ ನೆಲವನ್ನೇ ನೋಡಿ, "ಆಯ್ತು, ಭಾವ" ಎಂದರು.